ಏನಂತಾರೆ ಇವರು?

ಫೆಬ್ರುವರಿ ೯

ಪ್ರೀತಿಯ ಅಕ್ಕ,

ನಾನು ಸತ್ತಿಲ್ಲ. ಕೆಳಮನೆಯ ಮೇಷ್ಟ್ರು ನೀನು ಕೆಲಸ ಮಾಡುವ ಆಸ್ಪತ್ರೆಗೆ ಫೋನ್ ಮಾಡಿ ಏನು ಹೇಳಿದರೋ, ಗಾಬರಿಯಲ್ಲಿ ನೀನು ಏನು ಕೇಳಿಸಿಕೊಂಡೆಯೋ ಗೊತ್ತಿಲ್ಲ. ಅದಕ್ಕೇ ಮೊದಲ ಸಾಲಿನಲ್ಲೇ ಬರೆದೆ. ಎಡಗಡೆ ಕತ್ತಿನ ಬುಡದ ಎಲುಬು ಮುರಿದಿದೆ, ಅಷ್ಟೆ. ಟೈಪ್ ಮಾಡುವ ಒಂದೇ ಒಂದು ಬೆರಳು ಬಲಗೈಯಲ್ಲಿದೆ. ಹಾಗಾಗಿ ನಿನಗೆ ನನ್ನ ಪತ್ರಗಳಿಂದ ಬಿಡುಗಡೆಯಿಲ್ಲ.

ಆದದ್ದು ಇಷ್ಟು. ಪ್ರೆಸ್ಸಿನಿಂದ ತಿದ್ದಲು ಬಂದಿದ್ದ ಕರಡು ಹಾಳೆಗಳು ಮೇಜಿನಿಂದ ಜಾರಿದವು. ಔಷಧಿಗಳ ಕೈಪಿಡಿ ಅದು, ಒಂದು ಸೊನ್ನೆ ಹೆಚ್ಚಾದರೂ ಯಾರದೋ ಪ್ರಾಣಕ್ಕೆ ಬರುವಂಥದ್ದು. ಗಾಳಿಗೆ ಹಾರಿ ಮಂಚದ ಕೆಳಗೆ ಸೇರುತ್ತಿದ್ದವು. ಗಾಲಿಕುರ್ಚಿಯ ಬೆಲ್ಟು ಬಿಚ್ಚಿಕೊಂಡು ಬಗ್ಗಿದೆ. ದೇಹವೂ ಬಗ್ಗಿತು, ಆದರೆ ನಾನು ಹೇಳಿದ ಕಡೆಗಲ್ಲ. ಮಧ್ಯಾಹ್ನ ಬಿದ್ದವನು ಹಮಾಲಿ ಅಣ್ಣ ಸಂಜೆ ಬರುವತನಕ ನೆಲದ ಮೇಲೇ ಇದ್ದೆ. ಕೆನ್ನೆಯ ಪಕ್ಕಕ್ಕೇ ಬಂದು ಬಿದ್ದಿದ್ದ ಹಾಳೆಯಲ್ಲಿ ಎರಡು ತಪ್ಪು ಸಿಕ್ಕವು. ನೋವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನೆಲದ ಮೇಲೆ ನಾನು ಬೇರೆ ಮನುಷ್ಯನೇನೂ ಆಗಿರಲಿಲ್ಲ.

ಹಮಾಲಿ ಅಣ್ಣನನ್ನು ಬೈಯಬೇಡ. ಅಪ್ಪ ಹೋದ ಮೇಲೆ ನೀನೇ ಹುಡುಕಿಕೊಟ್ಟವನು. ಸ್ಟೇಷನ್ನಿನಲ್ಲಿ ಪೆಟ್ಟಿಗೆ ಎತ್ತುವ ಕೈಯಲ್ಲೇ ಬೆಳಿಗ್ಗೆ ಸಂಜೆ ನನ್ನನ್ನೂ ಎತ್ತುತ್ತಾನೆ. "ಸಾಮಾನಿನ ಮೇಲಾದ್ರೆ ಯಾವ ಕಡೆ ಮೇಲೆ ಅಂತ ಬಾಣ ಹಾಕಿರ್ತಾರೆ, ನಿಮ್ಮ ಮೇಲೆ ಅದೂ ಇಲ್ಲ" ಎಂದು ಗೊಣಗುತ್ತಾನೆ. ಅವನು ಬರುವ ಹೊತ್ತಿಗೇ ಬಂದಿದ್ದ, ನಾನೇ ಅವಸರ ಮಾಡಿದೆ.

ಈಗ ಕೆಟ್ಟ ಸುದ್ದಿ. ಮೇಷ್ಟ್ರು ಸಮಾಜ ಕಲ್ಯಾಣ ಕಚೇರಿಗೆ ಬರೆದುಬಿಟ್ಟಿದ್ದಾರೆ: ಇಂಥವರನ್ನು ಒಂಟಿಯಾಗಿ ಬಿಡುವುದು ಮನುಷ್ಯತ್ವವಲ್ಲ, ಅಂಗವಿಕಲರ ನಿಲಯಕ್ಕೆ ಸೇರಿಸಬೇಕು ಎಂದು. ಅವರು ಒಳ್ಳೆಯವರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಮೊನ್ನೆ ಕಚೇರಿಯಿಂದ ಒಬ್ಬರು ಬಂದು ಕೋಣೆ ನೋಡಿದರು, ಬಚ್ಚಲು ನೋಡಿದರು, ಒಲೆ ನೋಡಿದರು. ನನ್ನನ್ನೂ ನೋಡಿದರು, ಒಲೆಯನ್ನು ನೋಡಿದಷ್ಟೇ ಹೊತ್ತು. ನಾನು "ಕೂತ್ಕೊಳಿ" ಅಂದೆ. ಅವರು ಅಣ್ಣನ ಕಡೆ ತಿರುಗಿ "ಏನಂತಾರೆ ಇವರು?" ಅಂದರು. ಅಣ್ಣನಿಗೆ ನನ್ನ ಮಾತಿನಲ್ಲಿ ನೀರು, ಟೀ, ತುರಿಕೆ, ಬೇಗ, ಇಷ್ಟೇ ಗೊತ್ತು. "ಟೀ ಬೇಕಂತೆ ಸಾರ್" ಅಂದ.

ಮಾರ್ಚ್ ಕೊನೆಯಲ್ಲಿ ಕಚೇರಿಯ ಸಮಿತಿಯ ಮುಂದೆ ಹಾಜರಾಗಬೇಕು. ನಾನು ಇಲ್ಲಿರಬೇಕೋ ನಿಲಯಕ್ಕೆ ಹೋಗಬೇಕೋ ಅಂದೇ ತೀರ್ಮಾನ. ನನ್ನ ಅಭಿಪ್ರಾಯ ನನ್ನ ಬಾಯಿಂದಲೇ ಕೇಳುತ್ತಾರಂತೆ. ಅಮ್ಮ ಇಲ್ಲ, ಅಪ್ಪ ಇಲ್ಲ. ನನ್ನ ಮಾತು ಪೂರ್ತಿ ತಿಳಿಯುವವಳು ಈ ಭೂಮಿಯ ಮೇಲೆ ನೀನೊಬ್ಬಳೇ ಉಳಿದಿದ್ದೀಯ. ಬರಬೇಕು.

ನೆನಪಿದೆಯಾ, ಚಿಕ್ಕಂದಿನಲ್ಲಿ ಅತ್ತೆ ಬಂದಾಗಲೆಲ್ಲ ನನ್ನ ತಲೆ ಸವರಿ "ಪಾಪ" ಅನ್ನುತ್ತಿದ್ದಳು. ನಾನು "ಈ ಮುದಿ ಎಮ್ಮೇನ ಹೊರಗೆ ಅಟ್ಟು" ಅನ್ನುತ್ತಿದ್ದೆ. ನೀನು ಮುಖ ನೆಟ್ಟಗಿಟ್ಟುಕೊಂಡು "ಅತ್ತೆ, ಇನ್ನೂ ಸ್ವಲ್ಪ ಹೊತ್ತು ಇರಿ ಅಂತಾನೆ" ಅನ್ನುತ್ತಿದ್ದೆ. ನಕ್ಕು ನಕ್ಕು ಇಬ್ಬರೂ ಅಮ್ಮನ ಕೈಲಿ ಬೈಸಿಕೊಂಡಿದ್ದೇವೆ. ಈ ಸಲ ಆ ಆಟ ಬೇಡ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದರೆ ಸಾಕು.

ನಿನ್ನ
ತಕರಾರು


ಫೆಬ್ರುವರಿ ೨೧

ಪ್ರೀತಿಯ ತಕರಾರಿಗೆ,

ನಿನ್ನ ಎಕ್ಸ್‌ರೇ ಫಿಲ್ಮನ್ನು ಇಲ್ಲಿಗೆ ತರಿಸಿಕೊಂಡು ನೋಡಿದೆ. ದಿನವೆಲ್ಲ ಕತ್ತಲೆ ಕೋಣೆಯಲ್ಲಿ ಊರವರ ಎಲುಬು ನೋಡುವವಳು ನಾನು, ಒಂದು ನೋಟ ನೋಡಿ ಮುಂದಿನದಕ್ಕೆ ಹೋಗುತ್ತೇನೆ. ನಿನ್ನದನ್ನು ಮೂರು ಸಲ ದೀಪಕ್ಕೆ ಹಿಡಿದೆ. ಹೊಸ ಮುರಿತ ಎಲ್ಲಿದೆ ಎಂದು ನೋಡಹೋದರೆ, ಅದರ ಕೆಳಗೆ ಪಕ್ಕೆಲುಬು ಎರಡು ಎಂದೋ ಮುರಿದು, ತಾವಾಗಿಯೇ ಸೊಟ್ಟಗೆ ಕೂಡಿಕೊಂಡಿವೆ. ಯಾವಾಗ ಬಿದ್ದೆ? ನನಗೆ ಯಾಕೆ ಹೇಳಲಿಲ್ಲ? ನಿನ್ನ ಹಾಸ್ಯದ ಪತ್ರಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಯಾವ ಪತ್ರ ಬರೆಯುವಾಗ ನಿನಗೆ ಉಸಿರಾಡಲು ನೋಯುತ್ತಿತ್ತು ಎಂದು ಗೊತ್ತಾಗಲಿಲ್ಲ.

ಕೋಪ ಮಾಡಿಕೊಳ್ಳದೆ ಓದು. ನಿಲಯ ಅಷ್ಟೇನೂ ಕೆಟ್ಟದ್ದಲ್ಲವೇನೋ. ಮೇಲ್ವಿಚಾರಕಿಯ ಜೊತೆ ಫೋನಿನಲ್ಲಿ ಮಾತಾಡಿದೆ, ಮೃದುವಾದ ಹೆಂಗಸು. ಯಾವಾಗಲೂ ಒಬ್ಬರು ಇರುತ್ತಾರಂತೆ. ಮಧ್ಯಾಹ್ನ ಬಿದ್ದರೆ ಸಂಜೆಯವರೆಗೆ ಕಾಯಬೇಕಾಗಿಲ್ಲ. ಒಂದು ವರ್ಷ ಇದ್ದು ನೋಡಬಾರದೇ? ಇಲ್ಲಿ ಫೋನ್ ಹೊಡೆದುಕೊಂಡರೆ ಸಾಕು, ನನ್ನ ಎದೆ ಧಸಕ್ಕೆನ್ನುತ್ತದೆ. ಮಗಳಿಗೆ ಊಟ ಮಾಡಿಸುತ್ತಿದ್ದರೂ ಕೈಯಲ್ಲಿನ ತುತ್ತು ಹಾಗೇ ನಿಲ್ಲುತ್ತದೆ. ನಿನ್ನ ಭಾವ ಏನೂ ಅನ್ನುವುದಿಲ್ಲ, ಎದ್ದು ಹೋಗಿ ಫೋನ್ ಎತ್ತುತ್ತಾರೆ, ಅಷ್ಟೆ.

ಬರುವುದಂತೂ ಬರುತ್ತೇನೆ. ಅದರಲ್ಲಿ ಅನುಮಾನ ಬೇಡ.

ನಿನ್ನ
ಅಕ್ಕ


ಮಾರ್ಚ್ ೨

ಅಕ್ಕ,

ಪಕ್ಕೆಲುಬು ನಿನ್ನ ಹೆರಿಗೆಯ ಸಮಯದ್ದು. ಹೇಳಿದ್ದರೆ ನೀನು ಹಸಿ ಬಾಣಂತಿ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ. ಹೇಳಲಿಲ್ಲ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ನಿನ್ನ ಎಲುಬಿನ ವಿಷಯ ನಾನು ಯಾವತ್ತಾದರೂ ವಿಚಾರಿಸಿದ್ದೇನೆಯೇ?

ನಿಲಯದ ವಿಷಯ ನನಗೆ ಹೇಳಬೇಡ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಆ ನಿಲಯದಲ್ಲೇ ಇದ್ದು ಬಂದವನು. ನಿನಗೆ "ಚೆನ್ನಾಗಿತ್ತು" ಅಂತ ಬರೆದಿದ್ದೆ, ಅಪ್ಪನ ಚಿಂತೆಯೇ ನಿನಗೆ ಹೊರಲಾರದಷ್ಟಿತ್ತು. ಈಗ ಕೇಳು. ಅಲ್ಲಿ ಯಾರೂ ಹೊಡೆಯುವುದಿಲ್ಲ. ಎಲ್ಲರೂ "ಚಿನ್ನ", "ರಾಜ" ಎಂದೇ ಕರೆಯುತ್ತಾರೆ. ನನಗೆ ನಲವತ್ತು ದಾಟಿದೆ. ಮೂತ್ರಕ್ಕೆ ಹೋಗಬೇಕು ಎಂದು ನನಗೆ ಗೊತ್ತಾಗುತ್ತದೆ, ಕೇಳುತ್ತೇನೆ. "ಏನಂತೆ ರಾಜ?" ಎಂದು ತಲೆ ಸವರಿ ಹೋಗುತ್ತಾರೆ. ಅರ್ಥ ಮಾಡಿಕೊಳ್ಳುವ ತಾಪತ್ರಯ ಬೇಡವೆಂದು ಎಲ್ಲರಿಗೂ ಚಡ್ಡಿಯೊಳಗೆ ದಪ್ಪ ಬಟ್ಟೆ ಕಟ್ಟುತ್ತಾರೆ. ಮೊದಲ ದಿನ ತಡೆದುಕೊಂಡೆ, ಎರಡನೆಯ ದಿನವೂ ತಡೆದುಕೊಂಡೆ. ಆಮೇಲೆ ದೇಹ ಕಲಿತುಬಿಟ್ಟಿತು. ಮನೆಗೆ ಬಂದ ಮೇಲೆ ಅದನ್ನು ಮರೆಸಲು ಅಪ್ಪನಿಗೂ ನನಗೂ ಬಹಳ ಕಷ್ಟವಾಯಿತು. ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ಆಗಲೇ.

ಊಟವನ್ನು ಮಲಗಿಸಿಯೇ ಹಾಕುತ್ತಾರೆ, ಬೇಗ ಮುಗಿಯಲಿ ಎಂದು. ಮಲಗಿ ನುಂಗಿದರೆ ನನಗೆ ಉಸಿರಿನ ದಾರಿಗೇ ಹೋಗುತ್ತದೆ. ಟೈಪ್‌ರೈಟರ್ ಬಿಡುವುದಿಲ್ಲ, ಪಕ್ಕದ ಹಾಸಿಗೆಯವರಿಗೆ ಸದ್ದಾಗುತ್ತದಂತೆ.

ಹುಟ್ಟುವಾಗ ಉಸಿರು ಸಿಗದೆ ಹೀಗಾದವನು ನಾನು. ಬೇರೆ ಹೇಗೂ ಇದ್ದವನಲ್ಲ. ಜನ ನನ್ನನ್ನು ನೋಡಿ, ಇವನೊಳಗೆ ನೆಟ್ಟಗಿರುವ ಒಬ್ಬ ಸಿಕ್ಕಿಹಾಕಿಕೊಂಡಿದ್ದಾನೆ ಎಂದುಕೊಳ್ಳುತ್ತಾರೆ. ಯಾರೂ ಸಿಕ್ಕಿಹಾಕಿಕೊಂಡಿಲ್ಲ. ಈ ತಿರುಚಿಕೊಳ್ಳುವ ಕೈ, ಜೊಲ್ಲು ಸುರಿಯುವ ಬಾಯಿ, ಇವೇ ನಾನು. ಬೆಳಿಗ್ಗೆ ಅಣ್ಣ ಭುಜಕ್ಕೆ ಬಿಸಿನೀರು ಸುರಿದಾಗ ಗಂಟುಗಳು ಒಂದೊಂದಾಗಿ ಬಿಡುತ್ತವಲ್ಲ, ಆ ಸುಖವನ್ನು ನಿಮ್ಮಂಥ ನೆಟ್ಟಗಿನವರು ಕಂಡಿರಲಾರಿರಿ. ಆಮೇಲೆ ಕಿಟಕಿಯ ಪಕ್ಕ, ನನ್ನ ಮೇಜು, ನನ್ನ ಕರಡು, ಬೆರಳಿಗೆ ಕಟ್ಟಿದ ಕೆಂಪು ಪೆನ್ನು. ದೊಡ್ಡ ದೊಡ್ಡ ವಿದ್ವಾಂಸರ ಸಾಲುಗಳಿಗೆ ಗೀಟು ಹಾಕುತ್ತೇನೆ. ಇದಕ್ಕಿಂತ ನನಗೇನು ಬೇಕು?

ಇದನ್ನೆಲ್ಲ ಸಮಿತಿಗೆ ಬರೆದು ಕಳಿಸಿದ್ದೆ. ಹಿಂದಕ್ಕೆ ಬಂತು. ಇಷ್ಟು ಚೆನ್ನಾಗಿ ಬರೆದಿರುವುದರಿಂದ ಇದು ಬೇರೆಯವರು ಬರೆದುಕೊಟ್ಟದ್ದೆಂದು ತೋರುತ್ತದೆಯಂತೆ! ಜೀವಮಾನದಲ್ಲಿ ನನ್ನ ಬರವಣಿಗೆಗೆ ಸಿಕ್ಕ ದೊಡ್ಡ ಹೊಗಳಿಕೆ. ಎದುರಿಗೇ ಟೈಪ್ ಮಾಡಿ ತೋರಿಸೋಣವೆಂದರೆ ನಿನಗೇ ಗೊತ್ತು, ಯಾರಾದರೂ ನೋಡುತ್ತಾ ನಿಂತರೆ ಬೆರಳು ಮುಷ್ಟಿಯೊಳಗೆ ಹೋಗಿ ಕೂತುಬಿಡುತ್ತದೆ. ಎಷ್ಟು ಬೇಡಿಕೊಂಡರೂ ಹೊರಗೆ ಬರುವುದಿಲ್ಲ.

ಉಳಿದದ್ದು ನಿನ್ನ ಬಾಯಿ. ನೀನು ನನ್ನ ಮಾತನ್ನು ಒಪ್ಪಬೇಕಾಗಿಲ್ಲ. ಹೊರಗೆ ಬಂದ ಮೇಲೆ ನನ್ನ ಕೆನ್ನೆಗೆ ಬೇಕಾದರೂ ಬಾರಿಸು. ಒಳಗೆ ಮಾತ್ರ ನಾನು ಹೇಳಿದ್ದಷ್ಟೇ.

ನಿನ್ನ
ತಕರಾರು


ಮಾರ್ಚ್ ೧೮

ತಕರಾರು,

ರಜೆ ಸಿಕ್ಕಿತು. ಹಿಂದಿನ ದಿನ ಸಂಜೆಯೇ ಬರುತ್ತೇನೆ. ನಿನ್ನ ನೀಲಿ ಅಂಗಿ ಇಸ್ತ್ರಿ ಮಾಡಿಸಿಡಲು ಅಣ್ಣನಿಗೆ ಹೇಳು. ಮಗಳನ್ನು ಕರೆತರುವುದಿಲ್ಲ. ನಿನ್ನ ಪತ್ರವನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ, ದಿನಾ ಓದುತ್ತಿದ್ದೇನೆ. ನೀನು ಹೇಳಿದ್ದಷ್ಟೇ ಹೇಳುತ್ತೇನೆ, ಸರಿಯಾ?

ಅಕ್ಕ


ಏಪ್ರಿಲ್ ೬

ಅಕ್ಕ,

ನೀನು ಬಸ್ಸು ಹತ್ತುವ ಮೊದಲು ನನ್ನ ಕಡೆ ನೋಡಲಿಲ್ಲ. ಈಗ ಇದನ್ನಾದರೂ ಓದು. ನಿನ್ನ ಕುರ್ಚಿಯಿಂದ ಕಂಡದ್ದು ನಿನಗೆ ಗೊತ್ತು. ನನ್ನ ಕುರ್ಚಿಯಿಂದ ಕಂಡದ್ದನ್ನು ಹೇಳುತ್ತೇನೆ.

ಉದ್ದನೆಯ ಮೇಜು. ಮೇಜಿನ ಆ ಕಡೆ ಅಧ್ಯಕ್ಷೆ, ಒಬ್ಬ ಡಾಕ್ಟರು, ಬರೆದುಕೊಳ್ಳುವವನೊಬ್ಬ. ಈ ಕಡೆ ನಾವಿಬ್ಬರು. ಮೇಜಿನ ಅಂಚು ನನ್ನ ಗದ್ದಕ್ಕೆ ಬರುತ್ತಿತ್ತು, ಹಾಗಾಗಿ ಅವರಿಗೆ ಕಂಡದ್ದು ಒಂದು ತಲೆ. ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ, ಜೊಲ್ಲು ಕಡಿಮೆಯಾಗಲಿ ಎಂದು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ, ಅವು ಹಾರದಿರಲಿ ಎಂದು. ಇಷ್ಟೆಲ್ಲ ತಯಾರಿ ಮಾಡಿಕೊಂಡು ಮಾತಿಗೆ ಉಸಿರು ಕೂಡಿಸಿಟ್ಟಿದ್ದೆ.

ಅಧ್ಯಕ್ಷೆ ಕೆಟ್ಟವರಾಗಿರಲಿಲ್ಲ. "ನಿಮಗೆ ಎಲ್ಲಿರೋಕೆ ಇಷ್ಟ?" ಎಂದು ನನ್ನ ಮುಖ ನೋಡಿಯೇ ಕೇಳಿದರು. ನಾನು ಹೇಳಿದೆ: "ನನ್ನ ಮನೇಲೇ ಇರ್ತೀನಿ. ಬಿದ್ರೆ ಬೀಳ್ತೀನಿ. ನಿಲಯಕ್ಕೆ ಹೋಗಲ್ಲ." ಮೂರೇ ವಾಕ್ಯ. ಅವತ್ತು ನನ್ನ ನಾಲಿಗೆ ಕೂಡ ನನ್ನ ಪರವಾಗಿತ್ತು, ಅಷ್ಟು ಚೆನ್ನಾಗಿ ಹೇಳಿದೆ.

ಅವರು ನಿನ್ನ ಕಡೆ ತಿರುಗಿದರು. "ಏನಂತಾರೆ ಇವರು?"

ನೀನು ನನ್ನ ಭುಜಕ್ಕೆ ಸುತ್ತಿದ್ದ ಮುರಿತದ ಪಟ್ಟಿ ನೋಡುತ್ತಾ ಕೂತಿದ್ದೆ. "ಒಬ್ಬನೇ ಇರೋಕೆ ಭಯ ಆಗುತ್ತೆ ಅಂತಾನೆ. ನೀವು ಎಲ್ಲಿಗೆ ಹೇಳಿದ್ರೆ ಅಲ್ಲಿಗೆ ಹೋಗ್ತಾನಂತೆ" ಅಂದೆ.

ನಗು ಬಂತು ಅಕ್ಕ. ನಂಬುತ್ತೀಯಾ? ಅರೆಕ್ಷಣ ಇದು ಅತ್ತೆಯ ಆಟವೇ ಅನ್ನಿಸಿತು. ಈಗ ಇವಳು ನನ್ನ ಕಡೆ ಕಣ್ಣು ಹೊಡೆದು ನಿಜ ಹೇಳುತ್ತಾಳೆ ಎಂದು ಕಾದೆ. ಗುಮಾಸ್ತ ಬರೆದುಕೊಳ್ಳುತ್ತಿದ್ದ. ನೀನು ಕಣ್ಣೆತ್ತಲಿಲ್ಲ.

ಆಗ ಕೂಗಿದೆ. "ಸುಳ್ಳು, ಇವಳು ಸುಳ್ಳು ಹೇಳ್ತಿದ್ದಾಳೆ" ಎಂದು ಕೂಗಿದೆ. ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಕೈಗಳು ತಪ್ಪಿಸಿಕೊಂಡು ಮೇಜಿಗೆ ಬಡಿದವು, ನೀರಿನ ಲೋಟ ಉರುಳಿತು. ಅಧ್ಯಕ್ಷೆ ಹೆದರಿ ಹಿಂದಕ್ಕೆ ಸರಿದು ಮತ್ತೆ ನಿನ್ನನ್ನೇ ಕೇಳಿದರು: "ಈಗೇನಂತಾರೆ?" ನೀನು ಸುಳ್ಳಿ ಎಂದು ನಾನು ಹೇಳಿದ್ದನ್ನು ಅವರಿಗೆ ತಿಳಿಸಬೇಕಾದವಳೂ ನೀನೇ! "ಸುಸ್ತಾಗಿದೆ ಅವನಿಗೆ" ಅಂದೆ. ಡಾಕ್ಟರು "ಪಾಪ, ಅಕ್ಕ ಮತ್ತೆ ಊರಿಗೆ ಹೊರಡ್ತಾರಲ್ಲ ಅಂತ ದುಃಖ" ಎಂದರು. ಬಾಗಿಲ ಹೊರಗೆ ಹಮಾಲಿ ಅಣ್ಣ ನಿಂತಿದ್ದ. ಅವನ ಮುಖದಲ್ಲಿ ಅನುಮಾನ ಕಂಡಿತು. ಆದರೆ ಅವನಿಗೆ ಗೊತ್ತಿರುವುದು ನೀರು, ಟೀ, ತುರಿಕೆ.

ಮೇ ಹದಿನೈದಕ್ಕೆ ನನ್ನನ್ನು ಕರೆದೊಯ್ಯಲು ಗಾಡಿ ಬರುತ್ತದೆ. ಅಷ್ಟರೊಳಗೆ ಸಮಿತಿಗೆ ನೀನು ಒಂದು ಸಾಲು ಬರೆದರೆ ಸಾಕು. "ಅವನು ಹೋಗಲ್ಲ ಅಂದಿದ್ದ, ನಾನು ತಿರುಗಿಸಿ ಹೇಳಿದೆ" ಎಂದು. ನಾನು ಬರೆದರೆ ಏನಾಗುತ್ತದೆ ಎಂದು ಗೊತ್ತಲ್ಲ. ನಿನ್ನನ್ನು ನಂಬುತ್ತಾರೆ. ನಿನ್ನನ್ನು ಎಲ್ಲರೂ ನಂಬುತ್ತಾರೆ.

ತಮ್ಮ


ಏಪ್ರಿಲ್ ೨೦

ತಮ್ಮಾ,

ಹಲವು ಸಲ ಬರೆದು ಹರಿದೆ.

ಯೋಚನೆ ಮಾಡಿಕೊಂಡು ಬಂದು ಹೇಳಿದ್ದಲ್ಲ. ನೀನು ನಂಬದಿದ್ದರೂ ಇದು ನಿಜ. ನೀನು ಹೇಳಿದ್ದನ್ನೇ ಹೇಳಬೇಕೆಂದು ಬಾಯಿ ತೆರೆದೆ. "ಬಿದ್ರೆ ಬೀಳ್ತೀನಿ" ಎಂಬಲ್ಲಿಗೆ ಬಂದಾಗ ನನ್ನ ಕಣ್ಣ ಮುಂದೆ ಆ ಫಿಲ್ಮ್ ಬಂತು. ನಾಳೆ ನೀನು ತಲೆ ಒಡೆದುಕೊಂಡು ಸತ್ತರೆ, ಆ ಮಾತನ್ನು ಅವರಿಗೆ ಹೇಳಿ ಒಪ್ಪಿಸಿದವಳು ನಾನಾಗಿರುತ್ತೇನೆ. ನನ್ನ ಬಾಯಿಂದಲೇ ನಿನ್ನ ಸಾವಿಗೆ ಒಪ್ಪಿಗೆ ಕೊಡಬೇಕಿತ್ತಾ? ನೀನು ಕೇಳಿದ್ದು ಅದನ್ನೇ ಅಲ್ಲವಾ?

ಭಯ ಆಗುತ್ತೆ ಅಂದದ್ದು ಸುಳ್ಳಲ್ಲ. ಭಯ ಇತ್ತು, ನನಗಿತ್ತು.

ಐದು ವರ್ಷದವಳಿದ್ದಾಗಿನಿಂದ ನಿನ್ನ ಮಾತನ್ನು ಜಗತ್ತಿಗೆ ಹೇಳುತ್ತಾ ಬಂದಿದ್ದೇನೆ. ಶಾಲೆಯಲ್ಲಿ ಗೆಳತಿಯರು ಆಡುವಾಗ ನಾನು ನಿನ್ನ ಕುರ್ಚಿಯ ಪಕ್ಕ ನಿಂತು "ಏನಂತಾನೆ?" ಎಂದು ಕೇಳಿದವರಿಗೆ ಉತ್ತರ ಕೊಡುತ್ತಿದ್ದೆ. "ಅಕ್ಕ ಏನಂತಾಳೆ?" ಎಂದು ಒಬ್ಬರೂ ಕೇಳಲಿಲ್ಲ. ಅಮ್ಮ ಕೂಡ. ನಾನು ನಿನ್ನ ನಾಲಿಗೆಯಾಗಿ ಹುಟ್ಟಲಿಲ್ಲ ಕಣೋ. ಅವತ್ತು ಆ ಮೇಜಿನ ಮುಂದೆ ಜೀವನದಲ್ಲಿ ಒಂದೇ ಒಂದು ಸಲ ನನ್ನ ಮಾತು ನನ್ನ ಬಾಯಿಗೆ ಬಂತು, ನಿನ್ನ ಹೆಸರಿನಲ್ಲಿ ಬಂತು. ತಪ್ಪು ಎಂದು ಗೊತ್ತು. ಬಸ್ಸಿನಲ್ಲಿ ಊರಿನವರೆಗೂ ಅತ್ತೆ. ಆದರೆ ಮನೆಗೆ ಬಂದು ಆ ದಿನ ಫೋನ್ ಹೊಡೆದುಕೊಂಡಾಗ ಎದೆ ಧಸಕ್ಕೆನ್ನಲಿಲ್ಲ. ಇದನ್ನೂ ನಿನಗೆ ಹೇಳಿಬಿಡುತ್ತೇನೆ.

ಆ ಒಂದು ಸಾಲು ಬರೆಯಲು ಕೈ ಬರುತ್ತಿಲ್ಲ. ಸ್ವಲ್ಪ ದಿನ ಇದ್ದು ನೋಡು. ದಮ್ಮಯ್ಯ.

ಅಕ್ಕ


ಮೇ ೧೪

ಅಕ್ಕ,

ನಾಳೆ ಗಾಡಿ ಬರುತ್ತದೆ. ಟೈಪ್‌ರೈಟರನ್ನು ಹಮಾಲಿ ಅಣ್ಣ ಬಟ್ಟೆಯಲ್ಲಿ ಸುತ್ತಿ ನಿನಗೆ ಕಳಿಸುತ್ತಾನೆ. ಇದೇ ಅದರ ಕೊನೆಯ ಹಾಳೆ. ಔಷಧಿ ಕೈಪಿಡಿ ಮುಗಿಸಿ ಪ್ರೆಸ್ಸಿಗೆ ಕೊಟ್ಟಿದ್ದೇನೆ. ಯಜಮಾನರು ಕಣ್ಣೊರೆಸಿಕೊಂಡು ಕೆಲಸಕ್ಕೆ ಬೇರೆಯವರನ್ನು ಹುಡುಕಿಕೊಳ್ಳುತ್ತೇನೆ ಎಂದರು. ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು, ಕಿವುಡನಿಗೆ ಹೇಳುವ ಹಾಗೆ ಗಟ್ಟಿಯಾಗಿ, "ಎಲ್ಲಾ ಒಳ್ಳೇದಾಯ್ತು!" ಎಂದು ಹೋದರು.

ನೀನು ಬರೆದದ್ದನ್ನೆಲ್ಲ ಓದಿದೆ. ಬಹುಪಾಲು ನಿಜ. ನಿನ್ನ ಬದುಕನ್ನು ನಾನು ತಿಂದಿದ್ದೇನೆ. ಅದಕ್ಕೆ ನೀನು ಬಾರದೆ ಇರಬಹುದಿತ್ತು. "ನನ್ನಿಂದಾಗಲ್ಲ, ನಿನ್ನ ಪಾಡು ನೀನು ನೋಡ್ಕೋ" ಎಂದು ಬರೆಯಬಹುದಿತ್ತು. ಆಗ ಆ ಕೋಣೆಯಲ್ಲಿ ನಾನು ಯಾರಿಗೂ ಅರ್ಥವಾಗದ ಮನುಷ್ಯನಾಗಿ ಕೂತಿರುತ್ತಿದ್ದೆ. ಅದು ನನಗೆ ಅಭ್ಯಾಸ. ನೀನು ನನ್ನನ್ನು ಒಪ್ಪಿಕೊಂಡವನನ್ನಾಗಿ ಮಾಡಿದೆ.

ನೋಡಲು ಬಾ, ಬೇಡವೆನ್ನುವುದಿಲ್ಲ. ಆದರೆ ನಿನ್ನ ಎದುರು ಇನ್ನು ಬಾಯಿ ಬಿಡುವುದಿಲ್ಲ.

ತಮ್ಮ


ಜುಲೈ ೧೧

ಪ್ರೀತಿಯ ಅಕ್ಕನವರಿಗೆ,

ನಾನು ಇಲ್ಲಿ ಆರೋಗ್ಯವಾಗಿ, ಸಂತೋಷವಾಗಿ ಇದ್ದೇನೆ. ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಊಟ ರುಚಿಯಾಗಿರುತ್ತದೆ. ಕೆಮ್ಮು ಸ್ವಲ್ಪ ಇದೆ, ಔಷಧಿ ನಡೆಯುತ್ತಿದೆ. ನೀವು ನನ್ನ ಬಗ್ಗೆ ಚಿಂತೆ ಮಾಡಬೇಡಿ. ಮಗುವಿಗೆ ನನ್ನ ಮುತ್ತುಗಳು. ಭಾನುವಾರ ಭೇಟಿಗೆ ಅವಕಾಶವಿದೆ, ನೀವು ಬಂದರೆ ನನಗೆ ತುಂಬಾ ಖುಷಿಯಾಗುತ್ತದೆ.

ಇಂತಿ ನಿಮ್ಮ ಪ್ರೀತಿಯ ತಮ್ಮ

(ಅವರ ಪರವಾಗಿ ಬರೆದವರು: ನಿಲಯದ ಮೇಲ್ವಿಚಾರಕಿ)


ಆಗಸ್ಟ್ ೨೩

ತಮ್ಮಾ,

ನಿನ್ನ ಹೆಸರಿನಲ್ಲಿ ಒಂದು ಪತ್ರ ಬಂತು. ನೀನು ನನ್ನನ್ನು "ನೀವು" ಅಂದಿದ್ದೀಯ. ಊಟ ರುಚಿ ಅಂದಿದ್ದೀಯ. ಕೆಳಗೆ, ಬರೆದವರು ಮೇಲ್ವಿಚಾರಕಿ ಎಂದಿತ್ತು. ಪಾಪ, ಆಕೆಯ ಮೇಲೆ ಯಾವ ಬಾಯಿಂದ ಕೋಪ ಮಾಡಿಕೊಳ್ಳಲಿ? ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾಳೆ. ನಿನ್ನ ಬಾಯಿಗೆ ಮಾತು ತುಂಬಬಹುದು ಎಂದು ಆಕೆಗಿಂತ ಮೊದಲು ತೋರಿಸಿಕೊಟ್ಟವಳು ನಾನು.

ಅದಕ್ಕೇ ರಜೆ ಸಿಕ್ಕ ಮೊದಲ ಭಾನುವಾರವೇ ಓಡಿ ಬಂದೆ. ನೀನು ನಿನ್ನ ಮಾತು ಉಳಿಸಿಕೊಂಡೆ. ಎರಡು ಗಂಟೆ ನಿನ್ನ ಪಕ್ಕ ಕೂತೆ, ನೀನು ಗೋಡೆ ನೋಡಿದೆ. ಎಷ್ಟು ಇಳಿದುಹೋಗಿದ್ದೀಯ! ಅಂಗಿಯೊಳಗೆ ನೀನು ಇದ್ದೀಯೋ ಇಲ್ಲವೋ ಎಂದು ಹುಡುಕಬೇಕಾಯಿತು. ಸೊಂಟದ ಹತ್ತಿರ ಹುಣ್ಣಾಗಿರುವುದನ್ನು ನೋಡಿದೆ. ಮಲಗಿಸಿ ಊಟ ಹಾಕುವುದನ್ನೂ ನೋಡಿದೆ. "ಎಬ್ಬಿಸಿ ಕೂರಿಸಿ, ಕೆಮ್ಮು ಅದಕ್ಕೇ" ಎಂದೆ. "ಅವರೇನೂ ಬೇಡ ಅಂದಿಲ್ಲವಲ್ಲ ಮೇಡಂ" ಎಂದಳು ಊಟ ಹಾಕುವ ಹುಡುಗಿ. ಟೈಪ್‌ರೈಟರ್ ತಂದಿದ್ದೆ, ಬಾಗಿಲಲ್ಲೇ ಇಸಿದುಕೊಂಡು ಉಗ್ರಾಣದಲ್ಲಿ ಇಟ್ಟರು. ನೀನು ಹೇಳಿದ್ದೆ, ಒಂದೊಂದನ್ನೂ ಹೇಳಿದ್ದೆ. ಕಣ್ಣಾರೆ ನೋಡುವವರೆಗೂ ನಾನೂ ಎಲ್ಲರ ಹಾಗೆಯೇ, ನಿನ್ನ ಮಾತನ್ನು ಕೇಳಿಸಿಕೊಂಡೆ, ನಂಬಲಿಲ್ಲ.

ಮರುದಿನ ಬೆಳಿಗ್ಗೆಯೇ ಕಚೇರಿಗೆ ಹೋದೆ. ಅಧ್ಯಕ್ಷೆ ಸಿಕ್ಕಿದರು. ನಡೆದದ್ದೆಲ್ಲ ಹೇಳಿದೆ. ಅವನು ಹೋಗಲ್ಲ ಅಂದಿದ್ದ, ನಾನು ತಿರುಗಿಸಿದೆ ಎಂದೆ. ಅವರು ಕಡತ ತೆರೆದು ಅವತ್ತಿನ ಹಾಳೆ ಹುಡುಕಿ ತೆಗೆದರು.

"ಅಂದರೆ ಅವತ್ತು ನಮ್ಮ ಮುಂದೆ ನೀವು ಹೇಳಿದ್ದು ಸುಳ್ಳು?"

"ಹೌದು."

"ಇವತ್ತು ಹೇಳ್ತಿರೋದು ನಿಜ ಅಂತ ನಾನು ಹೇಗೆ ನಂಬಲಿ?"

"ಅವನನ್ನೇ ಕೇಳಿ."

"ಕೇಳಬಹುದಮ್ಮಾ. ಅವರು ಹೇಳಿದ್ದನ್ನ ನಮಗೆ ತಿಳಿಸೋರು ಯಾರು? ನೀವೇ ತಾನೆ?"

ಇನ್ನು ಮುಂದೆ ನಿನ್ನ ವಿಷಯದಲ್ಲಿ ನನ್ನ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ನನ್ನ ಎದುರಿಗೇ ಬರೆಸಿದರು. ಏಪ್ರಿಲ್‌ನಲ್ಲಿ ನೀನು ಕೇಳಿದಾಗಲೇ ಬರೆದಿದ್ದರೆ ಗಾಡಿಯನ್ನಾದರೂ ತಡೆಯುತ್ತಿದ್ದರೇನೋ. ಈಗ ನೀನು ಒಪ್ಪಿ ಸೇರಿದವನು, ಮೂರು ತಿಂಗಳಿಂದ ತುಟಿ ಪಿಟಕ್ಕೆನ್ನದೆ ಇರುವವನು.

ಆದರೂ ಒಂದು ದಾರಿಯಿದೆ. ಇಲ್ಲಿನ ವಕೀಲರೊಬ್ಬರು ಹೇಳಿದರು. ನಿನ್ನ ಮಾತನ್ನು ಕೇಳಿ ಕಲಿಯಲು ಬೇರೊಬ್ಬರನ್ನು ಇಡಬಹುದಂತೆ, ಮಾತಿನ ತೊಂದರೆಯವರ ಜೊತೆ ಕೆಲಸ ಮಾಡಿದವರನ್ನು. ಕೆಲವು ತಿಂಗಳು ಬೇಕು. ನಾನು ಪಕ್ಕದಲ್ಲಿದ್ದು ಅವರಿಗೆ ನಿನ್ನ ಒಂದೊಂದು ಮಾತನ್ನೂ ಕಲಿಸಬೇಕು, ಆಮೇಲೆ ನಾನು ದೂರ ಸರಿಯಬೇಕು. ಅದಕ್ಕೆ ನೀನು ಬಾಯಿ ತೆರೆಯಬೇಕು. ನನ್ನ ಜೊತೆಯೇ ಮಾತಾಡಬೇಕಾಗುತ್ತದೆ. ನನ್ನನ್ನು ಬೈಯಿ, ಸುಳ್ಳಿ ಎನ್ನು, ಅದನ್ನೇ ಅವರಿಗೆ ಮೊದಲ ಪಾಠವಾಗಿ ಕಲಿಸುತ್ತೇನೆ. ಕ್ಷಮಿಸು ಎಂದು ಕೇಳುತ್ತಿಲ್ಲ. ಮಾತಾಡು.

ಸೆಪ್ಟೆಂಬರ್ ಎರಡನೇ ಭಾನುವಾರ ಅವರನ್ನು ಕರೆದುಕೊಂಡು ಬರುತ್ತೇನೆ. ಈ ಪತ್ರವನ್ನು ನಿನ್ನ ಕಣ್ಣ ಮುಂದೆ ಹಿಡಿಯಲು ಮೇಲ್ವಿಚಾರಕಿಯನ್ನು ಕೇಳಿಕೊಂಡಿದ್ದೇನೆ. ನೀನೇ ಓದಿಕೋ.

ನಿನ್ನ
ಅಕ್ಕ


ಸೆಪ್ಟೆಂಬರ್ ೪

ಸಹೋದರಿಯವರಿಗೆ, ನಿಲಯದ ಮೇಲ್ವಿಚಾರಕಿಯ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಕಣ್ಣ ಮುಂದೆ ಹಿಡಿಯಲು ಹೇಳಿದ್ದಿರಿ, ಆದರೆ ನಿಮ್ಮ ತಮ್ಮನವರಿಗೆ ಕಾಗದ ಓದಿಸಿ ಆಯಾಸ ಮಾಡುವುದು ಸರಿಯೆನಿಸಲಿಲ್ಲ. ನಾನೇ ಓದಿ ಹೇಳಿದೆ. ಕೆಲವು ಮಾತುಗಳು ಅವರ ಮನಸ್ಸಿಗೆ ನೋವು ತರಬಹುದೆಂದು ಬಿಟ್ಟು, ಅಕ್ಕ ಕ್ಷೇಮ, ಮಗು ಕ್ಷೇಮ, ನೀವು ಇಲ್ಲಿ ಚೆನ್ನಾಗಿರುವುದು ನೋಡಿ ಅವರಿಗೆ ಸಮಾಧಾನವಾಗಿದೆ ಎಂದು ತಿಳಿಸಿದೆ.

ಆಗ ಅವರು ಮಾತಾಡಿದರು. ಇಲ್ಲಿಗೆ ಬಂದ ಮೇಲೆ ಇದೇ ಮೊದಲು. ಬಹಳ ಹೊತ್ತು ಮಾತಾಡಿದರು. ಸಿಬ್ಬಂದಿಯೆಲ್ಲ ಹಾಸಿಗೆಯ ಸುತ್ತ ನಿಂತು ಕೇಳಿದೆವು, ಒಂದಕ್ಷರವೂ ತಿಳಿಯಲಿಲ್ಲ. ಮುಗಿಯಿತು ಎಂದುಕೊಂಡಾಗಲೆಲ್ಲ ಉಸಿರು ತೆಗೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಮೈಯೆಲ್ಲ ಬೆವರಿ ಕೈಕಾಲು ಬಡಿಯತೊಡಗಿದ್ದರಿಂದ ವೈದ್ಯರನ್ನು ಕರೆಸಬೇಕಾಯಿತು.

ಗಾಬರಿಯಾಗಬೇಡಿ. ಅವರಿಗೆ ಬಂದಿರುವುದು ಉದ್ವೇಗ, ಸಂಬಂಧಿಕರ ಭೇಟಿಯ ನಂತರ ನಮ್ಮಲ್ಲಿ ಹಲವರಿಗೆ ಬರುವಂಥದ್ದೇ ಎಂದು ವೈದ್ಯರು ಹೇಳಿದ್ದಾರೆ. ಚುಚ್ಚುಮದ್ದು ಕೊಟ್ಟು, ದಿನವೂ ತೆಗೆದುಕೊಳ್ಳಲು ಮಾತ್ರೆ ಬರೆದಿದ್ದಾರೆ. ಅಂದಿನಿಂದ ಹೆಚ್ಚಾಗಿ ನಿದ್ದೆಯಲ್ಲಿರುತ್ತಾರೆ, ಎಚ್ಚರವಿದ್ದಾಗಲೂ ಮಾತಾಡುವ ಪ್ರಯತ್ನ ಮಾಡುತ್ತಿಲ್ಲ. ಅವರ ಹಿತದೃಷ್ಟಿಯಿಂದ ಸದ್ಯಕ್ಕೆ ಭೇಟಿ ಬೇಡವೆಂದು ವೈದ್ಯರ ಸಲಹೆ. ಆದ್ದರಿಂದ ಎರಡನೇ ಭಾನುವಾರ ತಾವಾಗಲಿ, ತಮ್ಮ ಜೊತೆಯವರಾಗಲಿ ಬರುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ಇದನ್ನು ಅವರಿಗೂ ತಿಳಿಸಿದ್ದೇನೆ. ಅವರು ಒಪ್ಪಿದ್ದಾರೆ.

ಇಂತಿ ನಮಸ್ಕಾರಗಳೊಂದಿಗೆ,
ಮೇಲ್ವಿಚಾರಕಿ